ಅಮ್ಮ ಹುಡುಕಿದ್ದು ಒಂದು ಮುಖ

ಇಂಟರ್‌ವಲ್‌ಗೆ ಇನ್ನೂ ಹೊತ್ತಿತ್ತು. ಅಮ್ಮ ಇಡೀ ಹಾಲ್‌ಗೆ ಕೇಳೋ ಹಾಗೆ, "ಇವ್ನ ಮುಖ ಎಲ್ಲೇ?" ಅಂದುಬಿಟ್ಟಳು.

ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ನಾನು ಅಮ್ಮನ ಕೈ ಒತ್ತಿದೆ.

ಪರದೆ ಮೇಲೆ ಹೆಲ್ಮೆಟ್ ಹಾಕಿದವನೊಬ್ಬ ಮುಖವಾಡ ಹಾಕಿದವನಿಗೆ ಕತ್ತಲಲ್ಲಿ ಚಚ್ಚುತ್ತಿದ್ದ. ಯಾರು ಯಾರಿಗೆ ಹೊಡೀತಿದ್ದಾರೆ ಅಂತ, ನಿಜ ಹೇಳ್ಬೇಕಂದ್ರೆ, ನನಗೂ ಗೊತ್ತಾಗಿರಲಿಲ್ಲ.

ಅಮ್ಮನಿಗೆ ಕಿವಿ ಕೇಳಲ್ಲ. ದೊಡ್ಡಬಳ್ಳಾಪುರದ ಪವರ್‌ಲೂಮ್ ಶೆಡ್‌ನಲ್ಲಿ ವಯಸ್ಸೆಲ್ಲ ಕಳೆದವಳು. ಮಗ್ಗದ ಸದ್ದು ಕಿವಿ ತಿಂದುಹಾಕಿದೆ.

ಆ ಸದ್ದಿನಲ್ಲಿ ಬಾಯಿ ಮಾತು ನಡೆಯಲ್ಲ, ಎಲ್ಲ ಕೈಸನ್ನೆ. ಎರಡು ಬೆರಳು ಕತ್ತರಿ ಥರ ಆಡಿಸಿದರೆ ಎಳೆ ಕಿತ್ತುಹೋಗಿದೆ, ಮಗ್ಗ ನಿಲ್ಲಿಸು ಅಂತ. ಹೆಬ್ಬೆರಳು, ತೋರುಬೆರಳು ಸೇರಿಸಿ ಹೊಸೆದರೆ ಗಂಟು ಹಾಕು, ಓಡಿಸು ಅಂತ.

ಮಿಕ್ಕಿದ್ದನ್ನೆಲ್ಲ ಮುಖ ನೋಡಿ ತಿಳ್ಕೋಬೇಕು. ನಮ್ಮ ಮನೆಯಲ್ಲಿ ಇವತ್ತಿಗೂ ಹಾಗೇ...

ಇಂಥ ಅಮ್ಮನಿಗೆ ಇಂಗ್ಲಿಷ್ ಪಿಕ್ಚರ್ ಹುಚ್ಚು. ನಗಬೇಡಿ.

ನಾನು ಚಿಕ್ಕವಳಿದ್ದಾಗ ನಮ್ಮೂರಿನ ಟಾಕೀಸ್‌ನಲ್ಲಿ ಭಾನುವಾರ ಮಾರ್ನಿಂಗ್ ಶೋಗೆ ಇಂಗ್ಲಿಷ್ ಪಿಕ್ಚರ್ ಹಾಕೋರು. ಹಾಲ್‌ನಲ್ಲಿ ಒಬ್ಬರಿಗೂ ಸರಿಯಾಗಿ ಇಂಗ್ಲಿಷ್ ಬರ್ತಿರಲಿಲ್ಲ. ಎಲ್ಲರೂ ಮುಖ ನೋಡ್ಕೊಂಡೇ ಕಥೆ ಹಿಡೀತಿದ್ದರು.

ಅಲ್ಲಿ ಅಮ್ಮ ಯಾರಿಗೂ ಕಮ್ಮಿ ಇರಲಿಲ್ಲ. ಎಲ್ಲರ ಜೊತೆ ನಗೋಳು, ಎಲ್ಲರಿಗಿಂತ ಮೊದಲೇ ಅಳೋಳು.

ಮದುವೆ ಮನೆಯಲ್ಲಿ ಎಲ್ಲರೂ ನಕ್ಕು ಮುಗಿಸಿದ ಮೇಲೆ, ಯಾಕೆ ನಕ್ಕಿದ್ದು ಅಂತ ನನ್ನ ಸೆರಗು ಜಗ್ಗಿ ಕೇಳ್ತಾಳೆ. ಟಾಕೀಸ್‌ನಲ್ಲಿ ಮಾತ್ರ ಅವಳು ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ.

ಆ ಟಾಕೀಸ್ ಈಗ ಕಲ್ಯಾಣ ಮಂಟಪ. ಹಾಗಾಗಿ ಯಲಹಂಕದ ಕಡೆ ಮಾಲ್‌ಗೆ ಹೋಗ್ತೀವಿ.

ಈ ಸಲ ಹಾಲಿವುಡ್‌ನ ದೊಡ್ಡ ಸಿನಿಮಾ ಕನ್ನಡಕ್ಕೆ ಡಬ್ ಆಗಿ ಬಂದಿದೆ ಅಂತ ಗೊತ್ತಾದಾಗ ಕುಣಿದಾಡಿಕೊಂಡು ಬುಕ್ ಮಾಡಿದ್ದು ನಾನೇ. ಕನ್ನಡದಲ್ಲಿ ಹಾಲಿವುಡ್! ಅಮ್ಮನಿಗೆ ಇನ್ನೇನು ಬೇಕು ಅಂದುಕೊಂಡೆ.

ಎಂಥ ಪೆದ್ದಿ ನೋಡಿ. ಕಿವಿ ಕೇಳದವಳಿಗೆ ಡಬ್ಬಿಂಗ್.

ಹೀರೋ ನಮ್ಮ ಬೆಂಗಳೂರು ಹುಡುಗರ ಥರ ಏನೋ ಅಂದ. ಹಾಲ್ ಪೂರ್ತಿ ಗೊಳ್ ಅಂತ ನಕ್ಕಿತು. ಅಮ್ಮ ಸುತ್ತ ನೋಡಿದಳು, ಆಮೇಲೆ ನನ್ನನ್ನು ನೋಡಿದಳು... ಮದುವೆ ಮನೆಯ ಅದೇ ನೋಟ.



ಡಬ್ಬಿಂಗ್ ಬೇಡ ಅಂತ ಹೇಳ್ತಿಲ್ಲ, ಕನ್ನಡ ಕೇಳಿ ನನಗೂ ಖುಷಿಯಾಗಿತ್ತು. ಮುಖ ತೋರಿಸಿದ್ದರೆ ಅಮ್ಮ ಹೇಗೋ ಸುಧಾರಿಸಿಕೊಳ್ತಿದ್ದಳು. ಆದರೆ ಈ ಹಾಲಿವುಡ್‌ನವರಿಗೆ ಏನಾಗಿದೆ ಹೇಳಿ?

ಅಷ್ಟು ಒಳ್ಳೆ ನಟರನ್ನು ಕರೆಸಿ ತಲೆಗೆ ಡಬ್ಬ ಹಾಕ್ತಾರೆ. ಇಡೀ ಭೂಮಿ ಉಳಿಸೋಕೆ ಹಾರಾಡ್ತಾರೆ, ಪಕ್ಕದಲ್ಲಿ ಸತ್ತವನ ಮುಖ ನೋಡೋಕೆ ಒಂದು ಗಳಿಗೆ ನಿಲ್ಲಲ್ಲ. ಕಣ್ಣು ಮಿಟುಕಿಸೋದರೊಳಗೆ ಇನ್ನೊಂದು ಸೀನ್, ಅದೂ ಕತ್ತಲು.

ಅಮ್ಮ ಪರದೆ ಕಡೆ ಕೈ ಎತ್ತಿ ಎರಡು ಬೆರಳು ಕತ್ತರಿ ಆಡಿಸಿದಳು. ಎಳೆ ಕಿತ್ತುಹೋಗಿದೆ, ಮಗ್ಗ ನಿಲ್ಲಿಸು.

ಹಾಲಿವುಡ್ ನಿಲ್ಲಿಸಲಿಲ್ಲ. ನಾವೇ ಇಂಟರ್‌ವಲ್‌ನಲ್ಲಿ ಎದ್ದು ಬಂದೆವು.

ಬಸ್ಸಿನಲ್ಲಿ ಅಮ್ಮ ಕಿಟಕಿ ಕಡೆ ತಿರುಗಿಕೊಂಡೇ ಅಂದಳು, "ಇನ್ಮೇಲೆ ಪಿಕ್ಚರ್ ಸಾಕು ಕಣೇ. ನೀನೊಬ್ಳೇ ಹೋಗ್ಬಾ."

ಅವಳಿಗೆ ಅಂತ ಇದ್ದಿದ್ದೇ ಅದೊಂದು. ಅದನ್ನೂ ಬಿಡಿಸಿಬಿಟ್ಟರೆ? ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬಿಡಲ್ಲ ಅಂತ ಅಲ್ಲೇ ಮನಸ್ಸು ಗಟ್ಟಿ ಮಾಡ್ಕೊಂಡೆ.

ವಾರವೆಲ್ಲ ಆಫೀಸಿಂದ ಬಂದ ಮೇಲೆ ಮೊಬೈಲ್‌ನಲ್ಲಿ ಹುಡುಕಿದೆ. ಕೊನೆಗೆ ಒಂದು ಪಿಕ್ಚರ್ ಸಿಕ್ಕಿತು, ಅದೇ ಅಮೆರಿಕದ್ದು, ಈಚಿನದ್ದೇ. ಒಂದು ಅಡುಗೆಮನೆ, ಅಕ್ಕ ತಂಗಿ, ಎಷ್ಟೋ ವರ್ಷದ ಮುನಿಸು. ಕೆಳಗೆ ಕನ್ನಡದಲ್ಲಿ ಅಕ್ಷರ ಬೇರೆ. ಅಮ್ಮ ದಿನಾ ಪೇಪರ್ ಓದೋಳು, ಅಕ್ಷರ ಅವಳಿಗೆ ಕಷ್ಟವಲ್ಲ.

ಭಾನುವಾರ ಟಿವಿಗೆ ಹಾಕಿಕೊಟ್ಟೆ. ಮೊದಲು ಕಡ್ಲೆಕಾಯಿ ಬಿಡಿಸ್ತಾ ಅರೆಮನಸ್ಸಲ್ಲಿ ಕೂತಿದ್ದಳು. ಆಮೇಲೆ ಕೈ ನಿಂತೇಹೋಯ್ತು. ತಂಗಿ ಬಾಯಿ ತೆರೆಯೋಕೆ ಮೊದಲೇ ಅಮ್ಮನ ಕಣ್ಣಲ್ಲಿ ನೀರು.

ಮುಗಿದ ಮೇಲೆ ಅಕ್ಕನದೇ ತಪ್ಪು ಅಂತ ನನ್ನ ಜೊತೆ ಜಗಳಕ್ಕೇ ನಿಂತಳು. ಎಷ್ಟು ದಿನ ಆಗಿತ್ತು ಅಮ್ಮ ಹೀಗೆ ಮಾತಾಡಿ!

ಅಂದರೆ ಹಾಲಿವುಡ್‌ನವರಿಗೆ ಇಂಥದ್ದು ಮಾಡೋಕೆ ಬರುತ್ತೆ. ಮಾಡ್ತಾನೂ ಇದ್ದಾರೆ. ನಮ್ಮ ಕಡೆಯ ದೊಡ್ಡ ಪರದೆಗೆ ಮಾತ್ರ ಬರ್ತಿಲ್ಲ.

ಸಂಜೆಯೇ ಅಮ್ಮನ್ನ ಕರ್ಕೊಂಡು ಮಾಲ್‌ಗೆ ಹೋಗಿ ಮ್ಯಾನೇಜರ್‌ನ ಹಿಡಿದೆ. ಇಂಥ ಸಿನಿಮಾ ಒಂದು ಶೋ ಹಾಕಿ, ಕೆಳಗೆ ಕನ್ನಡ ಅಕ್ಷರ ಇರೋ ಪ್ರಿಂಟ್ ತರಿಸಿ ಅಂದೆ.

ಆತ ಮರ್ಯಾದೆಯಿಂದಲೇ ನಕ್ಕ. "ಫೈಟ್ ಇಲ್ದಿದ್ರೆ ಯಾರು ಬರ್ತಾರೆ ಮೇಡಂ? ಪರದೆ ಮೇಲೆ ಓದ್ಕೊಂಡು ಕೂರೋರು ಯಾರು?"

ನಾನು ಸಪ್ಪಗೆ ಎಸ್ಕಲೇಟರ್ ಕಡೆ ಹೊರಟೆ. ಅಮ್ಮನಿಗೆ ಹೇಗೆ ಹೇಳೋದು ಅಂತ ಯೋಚಿಸ್ತಿದ್ದೆ. ಹೇಳೋ ಅಗತ್ಯವೇ ಇರಲಿಲ್ಲ, ಆತನ ಮುಖ ನೋಡಿದ್ದಳಲ್ಲ.

"ಆಗಲ್ಲ ಅಂದ, ಅಲ್ವಾ?" ಅಂದಳು, ಇಡೀ ಮಾಲ್‌ಗೆ ಕೇಳೋ ಹಾಗೆ.

ಆಮೇಲೆ ನನ್ನ ಮುಂದೆ ಕೈ ಚಾಚಿ, ಹೆಬ್ಬೆರಳು ತೋರುಬೆರಳು ಸೇರಿಸಿ ಮೆಲ್ಲಗೆ ಹೊಸೆದಳು. ಗಂಟು ಹಾಕು, ಓಡಿಸು.

ಮುಂದಿನ ಭಾನುವಾರ ಮತ್ತೆ ಹೋಗಿ ಆತನ ಮುಂದೆ ನಿಲ್ತೀವಿ, ನಾನು ಮತ್ತು ಅಮ್ಮ... ಯಾರು ಬರ್ತಾರೆ ಅಂದನಲ್ಲ, ನೀವು ಬರ್ತೀರಾ?