ಅಣ್ಣ ಹಿಂದುಮುಂದಾಗಿ ಓದಿದ ಕಾಮಿಕ್ಸ್

ಅಣ್ಣನ ಜೊತೆ ನೋಡಿದ ಆ ಕಾರ್ಟೂನಿನ ಹುಡುಗ ಬಂಡೆ ಪುಡಿಮಾಡಿದನೋ, ಹಡಗನ್ನು ತಲೆಯ ಮೇಲೆ ಎತ್ತಿದನೋ, ಈಗ ಖಚಿತವಾಗಿ ಹೇಳಲಾರೆ. ಆಮೇಲೆ ಅಂಥವೇ ಹಲವು ಜಪಾನಿ ಕಾರ್ಟೂನುಗಳನ್ನು ನೋಡಿದ್ದೇನೆ. ಈಗಿನವರು ಅನಿಮೆ ಎನ್ನುತ್ತಾರೆ. ಒಂದರ ದೃಶ್ಯ ಇನ್ನೊಂದರೊಳಗೆ ಸೇರಿಹೋಗಿದೆ. ತತ್ವಶಾಸ್ತ್ರದ ಎಂ.ಎ.ಯಲ್ಲಿ, ನೆನಪನ್ನು ಸಾಕ್ಷಿಯಾಗಿ ಒಪ್ಪಬಾರದು ಎಂದು ವಾದಿಸಿ ಒಳ್ಳೆಯ ಅಂಕ ತೆಗೆದುಕೊಂಡವನು ನಾನು. ಓದುಗರು ಇಲ್ಲಿಯೂ ಆ ಎಚ್ಚರ ಇಟ್ಟುಕೊಳ್ಳಲಿ.

ಎಂಬತ್ತರ ದಶಕದ ನಡುವಿನ ಮಾತು. ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ಅಣ್ಣ ನಗರ್ತಪೇಟೆ ಹತ್ತಿರದ ಗರಡಿಯಲ್ಲಿ ಬೆಳೆದ ಪೈಲ್ವಾನ. ಮೂವತ್ತು ದಾಟುವ ಮೊದಲೇ ಅವನ ತೊಡೆ, ತೋಳುಗಳು ಸೊರಗತೊಡಗಿದವು. ಸ್ನಾಯು ಕರಗುವ ರೋಗ, ಔಷಧಿ ಇಲ್ಲ, ಉಳಿದಿರುವ ಬಲವನ್ನು ದಣಿಸಬೇಡಿ ಎಂದರು ಡಾಕ್ಟರು. ಅಣ್ಣ ನಂಬಲಿಲ್ಲ. ಗರಡಿಯವರಿಗೆ ಮೈ ಸೋತರೆ ಮದ್ದು ಒಂದೇ: ಎಣ್ಣೆ ಹಚ್ಚಿ ಮಾಲೀಸು, ಆಮೇಲೆ ಇನ್ನಷ್ಟು ದಂಡ, ಇನ್ನಷ್ಟು ಬಸ್ಕಿ. ಮಂಚದ ಕಾಲು ಹಿಡಿದು ಬಸ್ಕಿ ಹೊಡೆಯಲು ಹೋಗಿ ಎರಡು ಸಲ ಬಿದ್ದ.

ಅವನ ಗರಡಿಯ ಗೆಳೆಯನೊಬ್ಬನಿಗೆ ನಗರ್ತಪೇಟೆಯಲ್ಲಿ ಹೊಲಿಗೆ ಯಂತ್ರದ ಬಿಡಿಭಾಗಗಳ ಅಂಗಡಿ ಇತ್ತು. ಜಪಾನಿನಿಂದ ಬಂದ ಪೆಟ್ಟಿಗೆಯಲ್ಲಿ ಸಿಕ್ಕ ದಪ್ಪ ಕಾಮಿಕ್ಸ್ ಒಂದನ್ನು ತಂದುಕೊಟ್ಟ. "ತಗೋ ಮಗಾ, ಒಂದಕ್ಷರ ಅರ್ಥ ಆಗಲ್ಲ. ಆದ್ರೆ ಬರೀ ಹೊಡೆದಾಟಾನೇ ಇದೆ."

ಅಣ್ಣ ಅದನ್ನು ನಾವು ಯಾವ ಪುಸ್ತಕವನ್ನಾದರೂ ಓದುವ ಹಾಗೆ ಎಡದಿಂದ ಬಲಕ್ಕೆ ಓದಿದ. ಹಾಗೆ ಓದಿದಾಗ ಮೊದಲಿಗೇ ಬೆಟ್ಟದಂಥ ಮೈಯವನೊಬ್ಬ ನಿಂತಿದ್ದ. ಪುಟ ಹೋದಂತೆ ನೆಲಕ್ಕೆ ಬಿದ್ದಿದ್ದ ಶತ್ರುಗಳು ಒಬ್ಬೊಬ್ಬರೇ ಎದ್ದರು, ಇವನ ಮೈ ಇಳಿಯಿತು. ಕಡೆಯ ಪುಟದಲ್ಲಿ ಬಡಕಲು ಹುಡುಗನಾಗಿ ಶಾಲೆಯ ಬೆಂಚಿನ ಮೇಲೆ ಕುಳಿತು ಕಿಟಕಿಯಾಚೆ ನೋಡುತ್ತಿದ್ದ. ಜಪಾನಿನವರ ಕಥೆಗಳೇ ಹೀಗಿರಬೇಕು ಅಂದುಕೊಂಡೆವು.

"ಎಂಥಾ ಪೈಲ್ವಾನನಿಗೂ ಇಳಿಗಾಲ ಬರತ್ತೆ ಕಣೋ," ಎಂದ ಅಣ್ಣ. "ನೋಡು, ಎಷ್ಟು ನೆಮ್ಮದಿಯಾಗಿ ಕೂತಿದಾನೆ."

ಆ ವಾರವೇ ಬಸ್ಕಿ ಬಿಟ್ಟ. ಗಾಲಿಕುರ್ಚಿಗೂ ಹೂಂ ಅಂದ. ಅಮ್ಮ ಆ ಪುಸ್ತಕವನ್ನು ದೇವರ ಗೂಡಿನ ಪಕ್ಕದಲ್ಲಿಟ್ಟಳು.

ಕುರ್ಚಿ ಬರುವ ಮೊದಲೇ ಅದೇ ಕಥೆಯ ಕಾರ್ಟೂನ್ ಸಿನಿಮಾ ಬಂತು. ಕ್ಯಾಸೆಟ್ಟಿನ ಅಂಗಡಿಯಲ್ಲಿ ಅದೇ ಮುಖದ ಕವರ್ ಕಂಡ ಗೆಳೆಯ, ಭಾನುವಾರ ವಿಸಿಆರ್ ಬಾಡಿಗೆಗೆ ತಂದೇಬಿಟ್ಟ. ನಮ್ಮ ನಡುಮನೆಯಲ್ಲಿ ವಠಾರವೆಲ್ಲ ಸೇರಿತು. ತೆರೆಯ ಮೇಲೆ ಮೊದಲು ಕಂಡದ್ದು ಬೆಂಚು, ಕಿಟಕಿ, ಬಡಕಲು ಹುಡುಗ. ನಾನು ಅಣ್ಣನ ಕಡೆ ನೋಡಿದೆ. ಅವನು ಆಗಲೇ ತಲೆದಿಂಬಿನಿಂದ ಕತ್ತು ಎತ್ತಿದ್ದ.

ಹೊಡೆದಾಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಏಟು ಬೀಳುವ ಮೊದಲಿನ ನಿಶ್ಶಬ್ದ, ಗಾಳಿಯಲ್ಲಿ ನಿಂತ ಧೂಳು, ಇವನ್ನು ಕಾಗದ ಕೊಡಲಾರದು. ಆ ಹುಡುಗ ಕೈ ಬೀಸಿದರೆ ಕೋಣೆಯಲ್ಲಿದ್ದವರ ಭುಜಗಳೆಲ್ಲ ಅಲುಗುತ್ತಿದ್ದವು. ಆದರೆ ಪುಸ್ತಕದಲ್ಲಿ ಸೋತವನ ಮುಖಕ್ಕೆ ಇಡೀ ಪುಟ ಕೊಟ್ಟಿದ್ದರು. ಸಿನಿಮಾದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಅವನು ಮಾಯ. ಒಬ್ಬ ಬಿದ್ದರೆ ಅವನಿಗಿಂತ ದೊಡ್ಡವನು ಬರುವುದು, ಹುಡುಗ ಇನ್ನೂ ಜೋರಾಗಿ ಕೂಗುವುದು, ಬಲ ಇಮ್ಮಡಿಯಾಗುವುದು. ಆ ಬಲಕ್ಕಾಗಿ ಅವನು ಕಳೆದುಕೊಂಡದ್ದು ಏನೂ ಇಲ್ಲ.

"ಊಟ ಇಲ್ಲ, ತಿಂಡಿ ಇಲ್ಲ, ಇಷ್ಟು ಶಕ್ತಿ ಎಲ್ಲಿಂದ ಬಂತ್ರೀ ಇವನಿಗೆ?" ಎಂದರು ಪಕ್ಕದ ಮನೆಯಾಕೆ.

"ಕೂಗಿದ್ರೆ ಬರತ್ತಂತೆ ಕಣ್ರೀ," ಎಂದರು ಎದುರು ಮನೆಯವರು. "ನಮ್ಮನೆಯವ್ರೂ ದಿನಾ ಕೂಗ್ತಾರೆ. ಒಂದು ಬಿಂದಿಗೆ ನೀರು ಎತ್ತಲ್ಲ."

ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. ಜನ ಎದ್ದುಹೋದ ಮೇಲೆ ಪುಸ್ತಕ ಕೇಳಿ ತೆಗೆದುಕೊಂಡು, ಬಲಗಡೆಯಿಂದ ಒಂದೊಂದೇ ಪುಟ ತಿರುವಿದ.

"ಉಲ್ಟಾ ಓದ್ಬಿಟ್ಟಿದ್ವಿ ಕಣೋ, ಇವರ ಪುಸ್ತಕ ಬಲಗಡೆಯಿಂದ ಶುರುವಾಗತ್ತೆ," ಎಂದ. ಅಷ್ಟು ಗೆಲುವಾದ ಮುಖವನ್ನು ನಾನು ವರ್ಷದಿಂದ ನೋಡಿರಲಿಲ್ಲ.

ನಾವು ಓದಿದ ಕಥೆಯೇ ಹೆಚ್ಚು ನಿಜ, ಇದು ಬರೀ ಆಸೆಯ ಕಥೆ, ಬೆಲೆ ತೆರದೆ ಬಂದ ಗೆಲುವು ಎಂದೆಲ್ಲ ನಾನು ವಾದಿಸಿದೆ. ತರಗತಿಯಲ್ಲಾದರೆ ಒಪ್ಪುತ್ತಿದ್ದರು.

"ನಿಂತ್ಕೊಂಡು ಹೇಳ್ತಿದೀಯಲ್ಲ, ಚೆನ್ನಾಗಿದೆ," ಎಂದ ಅಣ್ಣ.

ನಾನು ಕುಳಿತೆ.

ಗಾಲಿಕುರ್ಚಿ ಬೇಡವೆಂದ. ಗರಡಿಗೆ ಹೋಗುತ್ತೇನೆಂದು ಹಟ ಹಿಡಿದ. "ಬೇಡಪ್ಪಾ, ಡಾಕ್ಟ್ರು ಹೇಳಿದ್ದು ಮರೆತ್ಯಾ?" ಎಂದು ಅಮ್ಮ ಅತ್ತಳು. "ಅವರು ಗರಡಿ ಮೆಟ್ಟಿಲು ಹತ್ತಿದಾರೇನಮ್ಮ?" ಎಂದ. ಗೆಳೆಯ ಆಟೋ ತಂದ. ನಾನೂ ಜೊತೆಗೆ ಹೋದೆ. ಬೇರೇನು ಮಾಡಬಹುದಿತ್ತೋ ಇವತ್ತಿಗೂ ಹೊಳೆದಿಲ್ಲ.

ಗರಡಿಯ ಬಾಗಿಲು ತಗ್ಗು. ಎಂಥವನೂ ತಲೆಬಾಗಿಯೇ ಒಳಗೆ ಕಾಲಿಡಬೇಕೆಂದು ಹಾಗೆ ಕಟ್ಟಿರುತ್ತಾರೆ. ಗೆಳೆಯ ಮೊದಲೇ ಒಳಗೆ ಹೋಗಿದ್ದ. ನಾನು ಅಣ್ಣನ ಚಪ್ಪಲಿ ಹಿಡಿದು ಹೊರಗೆ ನಿಂತೆ. ಅಣ್ಣ ಚೌಕಟ್ಟು ಹಿಡಿದು ಬಗ್ಗಿದ, ಒಳಗೆ ಹೋದ, ಆಚೆ ತಾನಾಗಿಯೇ ನೆಟ್ಟಗಾದ. ನನಗೆ ಕಂಡದ್ದು ಹಾಗೆ. ಡಾಕ್ಟರು ತಪ್ಪು ಹೇಳಿರಬಹುದೇ ಎಂದು ಒಂದು ಗಳಿಗೆ ಅನ್ನಿಸಿತ್ತು.

ಕೆಲವು ತಿಂಗಳು ಹೋಗಿಬಂದ. ದೀಪಾವಳಿಯ ಹೊತ್ತಿಗೆ ಕಾಫಿ ಲೋಟ ಎತ್ತಲಾಗುತ್ತಿರಲಿಲ್ಲ. ಯುಗಾದಿಗೆ ಬೇವುಬೆಲ್ಲವನ್ನು ಅಮ್ಮನೇ ಬಾಯಿಗೆ ಹಾಕಿದಳು. ಗರಡಿಯ ದಂಡ ರೋಗವನ್ನು ಬೇಗ ತಂದಿತೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು.

ಅಣ್ಣ ಹೋಗಿ ಎಷ್ಟೋ ಕಾಲದ ಮೇಲೆ ಅಂಗಡಿಯ ಗೆಳೆಯನನ್ನು ಕೇಳಿದೆ: ಅವತ್ತು ಬಾಗಿಲ ಒಳಗೆ ಅವನು ತಾನಾಗಿ ನೆಟ್ಟಗಾದನೇ?

"ಎಲ್ಲಿ ಗುರು," ಎಂದ. "ಬಗ್ಗಿದವನು ಹಂಗೇ ಉಳಿದ. ಇಬ್ಬರು ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದ್ವಿ."

ಇನ್ನೊಂದು ಕಡೆ ಹಿಡಿದಿದ್ದವರನ್ನು ಹುಡುಕಿ ಬೇರೆಯಾಗಿ ಕೇಳಿದೆ. ಅವರೂ ಅದನ್ನೇ ಹೇಳಿದರು.