ಕರೆಂಟ್ ಹೋದ ದಿನ ನಮ್ಮ ಮಕ್ಕಳು ಹೇಳಿದ ಇಂಗ್ಲಿಷ್ ಪಾಠ

ಪ್ಲೇ ಬಟನ್ ಒತ್ತಿದೆ. ಟೇಪ್‌ರೆಕಾರ್ಡರ್ ಸದ್ದೇ ಮಾಡಲಿಲ್ಲ. ಮೇಲೆ ನೋಡಿದರೆ... ಬಲ್ಬೂ ಆರಿಹೋಗಿತ್ತು.

ಎದುರಿಗೆ ಸುತ್ತಲಿನ ಊರುಗಳ ಮಾಸ್ತರರು, ಟೀಚರ್‌ಗಳು. ಮುಂದಿನ ಕುರ್ಚಿಯಲ್ಲಿ ತಾಲೂಕಿನಿಂದ ಬಂದ ಇನ್‌ಸ್ಪೆಕ್ಟರ್ ಸಾಹೇಬರು, ಪಕ್ಕದಲ್ಲಿ ನಮ್ಮ ಹೆಡ್‌ಮಾಸ್ತರ್ ಆಚಾರ್ ಸರ್. ನನ್ನದು ಮಾದರಿ ಪಾಠ. ಐದನೇ ಕ್ಲಾಸು, ಇಂಗ್ಲಿಷ್.

ತೊಂಬತ್ತರ ದಶಕದ ಕೊನೆಯ ಮಾತಿದು. ಚಿತ್ತಾಪುರದಿಂದ ಬಸ್ ಹಿಡಿದು ಗುಂಡಗುರ್ತಿ ಕಡೆಯ ಒಂದು ಸಣ್ಣ ಊರಿನ ಶಾಲೆಗೆ ಹೋಗುತ್ತಿದ್ದೆ. ಏಳು ಕ್ಲಾಸಿಗೆ ನಾವು ಮೂರೇ ಜನ.

ಈಗ ಹೇಳಿಕೊಳ್ಳಲು ನಾಚಿಕೆ ಇಲ್ಲ, ಆಗ ಇತ್ತು. ನನಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಬರೆಯಲು ಬರುತ್ತಿತ್ತು. ಮಾತಾಡಲು ಹೋದರೆ ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ.

ಅದಕ್ಕೇ ವಾಡಿಯಲ್ಲಿದ್ದ ಸಲೀಮಾ ಆಪಾ ಅವರ ಮನೆಗೆ ಹೋಗಿ ಕೈಕಾಲು ಹಿಡಿದೆ. ಅವರು ಇಂಗ್ಲಿಷ್ ಮೀಡಿಯಂ ಶಾಲೆಯ ಟೀಚರ್. ಪಾಪ, ನಮ್ಮ ಪುಸ್ತಕದ ಪಾಠಗಳನ್ನೆಲ್ಲ ಒಂದು ಖಾಲಿ ಕ್ಯಾಸೆಟ್‌ಗೆ ಓದಿಕೊಟ್ಟರು.

ಪ್ರತಿ ವಾಕ್ಯದ ನಂತರ ಮಕ್ಕಳು ತಿರುಗಿ ಹೇಳಲು ಸ್ವಲ್ಪ ಜಾಗ ಬಿಡಿ ಅಂತ ನಾನೇ ಕೇಳಿಕೊಂಡಿದ್ದೆ. ಇದು ಒಳ್ಳೆಯ ಟಿಪ್, ಇವತ್ತು ಮೊಬೈಲ್‌ನಲ್ಲಿ ಪಾಠ ರೆಕಾರ್ಡ್ ಮಾಡುವವರಿಗೂ ಅದನ್ನೇ ಹೇಳುತ್ತೇನೆ.

ಕ್ಯಾಸೆಟ್ಟಿನ ಅಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತಿದ್ದವಲ್ಲ, ಅವನ್ನೂ ಮುರಿದೆ. ಯಾರೂ ಅದರ ಮೇಲೆ ಸಿನಿಮಾ ಹಾಡು ತುಂಬಿಸಬಾರದು ಅಂತ. ಭಾಳ ಶಾಣ್ಯಾಕಿ ನಾನು!

ದಿನಾ ಐದನೆಯವರನ್ನು ಪಡಸಾಲೆಯಲ್ಲಿ ಕೂಡಿಸಿ, ಟೇಪ್ ಹಚ್ಚಿ, ಒಳಗೆ ಮೂರನೆಯವರಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ಅವರ ಮಗ್ಗಿಯ ಗದ್ದಲದಲ್ಲಿ ಹೊರಗಿನದೇನೂ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಮಕ್ಕಳಿಗೆ ನನ್ನದು ಒಂದೇ ಆರ್ಡರ್. "ಟೇಪ್ ಏನ್ ಹೇಳ್ತದ, ಅದನ್ನೇ ಹೇಳ್ರಿ."

ಆಚಾರ್ ಸರ್‌ಗೆ ಇದು ಹಿಡಿಸಿರಲಿಲ್ಲ. "ಬರೇ ಬಾಯಿಪಾಠ ಆಗ್ಲಿಕತ್ತದ ನೋಡ್ರಿ ಟೀಚರ್. ಸಾಹೇಬ್ರು ಒಪ್ಪಲಿಲ್ಲಂದ್ರ ಟೇಪ್ ಸೀದಾ ಅಲ್ಮಾರಿಗೆ" ಅಂದಿದ್ದರು.

ನಮ್ಮ ಶಾಲೆಯಲ್ಲಿ ಅಲ್ಮಾರಿ ಸೇರಿದ ಸಾಮಾನು ಹೊರಗೆ ಬಂದದ್ದೇ ಇಲ್ಲ. ಟೇಪ್ ಹೋದರೆ ಆ ಮಕ್ಕಳ ಕಿವಿಗೆ ಇಂಗ್ಲಿಷ್ ಬೀಳುವ ಬೇರೆ ದಾರಿಯೂ ಇರಲಿಲ್ಲ. ನನ್ನಿಂದಂತೂ ಆಗುತ್ತಿರಲಿಲ್ಲ.

ಅಂಥ ದಿನ ಕರೆಂಟ್ ಹೋಯಿತು ನೋಡಿ. ಸೆಲ್ ಹಾಕೋಣವೆಂದರೆ ಅವು ಹಿಂದಿನ ವಾರವೇ ಪ್ರಾಣ ಬಿಟ್ಟಿದ್ದವು. ಬ್ಯಾಗಿನಲ್ಲಿ ಒಂದು ಜೊತೆ ಹೊಸ ಸೆಲ್ ಇಟ್ಟುಕೊಳ್ಳಬೇಕೆಂಬ ಬುದ್ಧಿ ಆಮೇಲೆ ಬಂತು.

"ಟೇಪ್ ಇರ್ಲಿ ಬಿಡ್ರಿ. ಮಕ್ಕಳ ಬಾಯಿಲೆ ಹೇಳಸ್ರಿ" ಅಂದರು ಸಾಹೇಬರು.

ಮಕ್ಕಳು ಎದ್ದು ನಿಂತರು. ಕೈಕಟ್ಟಿ, ಒಂದೇ ದನಿಯಲ್ಲಿ: "ದಿ ಕೌ ಗಿವ್ಸ್ ಅಸ್ ಮಿಲ್ಕ್."

ಆಹಾ, ಏನು ಉಚ್ಚಾರ! ಥೇಟ್ ಸಲೀಮಾ ಆಪಾ. ನನ್ನ ಎದೆ ಉಬ್ಬಿತು.

ಉಬ್ಬಿದ ಎದೆ ಇಳಿಯುವ ಮೊದಲೇ, ಅದೇ ರಾಗದಲ್ಲಿ, ಅದೇ ಭಕ್ತಿಯಲ್ಲಿ... "ಏ ಮುನ್ನೀ! ದೂದ್ ದೇಖ್, ದೂದ್!"

"ದಿ ಡಾಗ್ ಗಾರ್ಡ್ಸ್ ದಿ ಹೌಸ್." ಆಮೇಲೆ ಮೂವತ್ತು ಮಕ್ಕಳ ಬಾಯಲ್ಲಿ ಕುಕ್ಕರ್ ಸೀಟಿ. ಒಂದಲ್ಲ, ಮೂರು!

ಆಗ ಗೊತ್ತಾಯಿತು. ಮಕ್ಕಳಿಗಾಗಿ ಬಿಟ್ಟ ಜಾಗದಲ್ಲೆಲ್ಲ ಆಪಾ ಸಂಸಾರ ನಡೆಸಿದ್ದರು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಮಗಳನ್ನು ಕೂಗಿದ್ದರು. ಕ್ಯಾಸೆಟ್ ಪೂರ್ತಿ ಒಮ್ಮೆಯೂ ಕೂತು ಕೇಳದೆ ಮಕ್ಕಳ ಮುಂದೆ ಇಟ್ಟವಳು ನಾನು. ನೀವು ದಯವಿಟ್ಟು ಹಾಗೆ ಮಾಡಬೇಡಿ.

ಮಕ್ಕಳದೇನು ತಪ್ಪು? ಟೇಪ್ ಹೇಳಿದ್ದನ್ನೇ ಹೇಳಿದರು. ಕೊನೆಗೆ ವಾಡಿಯ ಗೂಡ್ಸ್ ಗಾಡಿಯ ಹಾರ್ನೂ ಹೊಡೆದು ಕೂತರು.

ಮಾಸ್ತರರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿದೆ. ಆಚಾರ್ ಸರ್ ಮಾತ್ರ ನಗಲಿಲ್ಲ, ಅಲ್ಮಾರಿ ಕಡೆ ನೋಡಿದರು.

ಸಾಹೇಬರು ಕಣ್ಣೊರೆಸಿಕೊಂಡು ಕೇಳಿದರು. "ಯಾರ ದನಿರೀ ಅದು? ನಿಮ್ಮದಲ್ಲಲ್ಲ?"

ಹೇಳಿಬಿಟ್ಟೆ. "ನನಗ ಇಂಗ್ಲಿಷ್ ಮಾತಾಡ್ಲಿಕ್ಕ ಬರಂಗಿಲ್ರಿ ಸರ್." ಅಷ್ಟೂ ಜನರ ಎದುರು. ನಗು ನಿಂತುಹೋಯಿತು.

ಸಾಹೇಬರು ಮುಂದಿನ ಸಾಲಿನ ನಾಗಮ್ಮನ ಕಡೆ ತಿರುಗಿ ಇಂಗ್ಲಿಷಿನಲ್ಲೇ ಕೇಳಿದರು, ನಿನ್ನ ಆಕಳು ಏನು ಕೊಡುತ್ತದೆ ಅಂತ.

ಈ ಪ್ರಶ್ನೆ ಟೇಪಿನಲ್ಲಿ ಇರಲಿಲ್ಲ. ಈ ಹುಡುಗಿ ಈಗ ಮುನ್ನಿಯನ್ನು ಕರೆದಳೆಂದರೆ ನನ್ನ ಕಥೆ ಮುಗಿಯಿತು.

ನಾಗಮ್ಮ ತಲೆ ಕೆರೆದುಕೊಂಡಳು. "ಮೈ ಕೌ... ನೋ ಮಿಲ್ಕ್, ಸರ್. ಮೈ ಬಫೆಲೋ ಗಿವ್ಸ್ ಮಿಲ್ಕ್." ಆಮೇಲೆ ಮೆಲ್ಲಗೆ, "ಆಕಳ ಗಬ್ಬ ಅದರಿ" ಅಂದಳು.

ಬಫೆಲೋ ಬೇರೆ ಪಾಠದಲ್ಲಿತ್ತು. ಅದನ್ನು ತಮ್ಮ ಕೊಟ್ಟಿಗೆಗೆ ಹೊಡೆದುಕೊಂಡು ಬಂದವಳು ನಾಗಮ್ಮನೇ!

"ಸ್ವಂತ ವಾಕ್ಯ ಕಟ್ಟ್ಯಾಳ್ರಿ ಸರ್ ಹುಡುಗಿ!" ಅಂತ ಎದ್ದು ನಿಂತವರು ಯಾರು ಗೊತ್ತಾ? ನಮ್ಮ ಆಚಾರ್ ಸರ್. ತಾವೇ ಕಲಿಸಿದಷ್ಟು ಖುಷಿ ಅವರಿಗೆ. ನನಗೆ ಅಳು ಬಂದುಬಿಟ್ಟಿತು.

ಹೋಗುವಾಗ ಸಾಹೇಬರು ಹೇಳಿದರು. "ಟೇಪ್ ಹೊರಗೇ ಇರ್ಲಿ. ಆದ್ರ ಮುಂದಿನ ಕ್ಯಾಸೆಟ್ ನಿಮ್ಮ ದನ್ಯಾಗ ಆಗ್ಬೇಕು ನೋಡ್ರಿ ಟೀಚರ್."

ಮಾಡಿದೆ. ಎಷ್ಟು ಸಲ ಓದಿ ಎಷ್ಟು ಸಲ ಅಳಿಸಿದೆನೋ ಲೆಕ್ಕವಿಲ್ಲ. ನಮ್ಮ ದನಿಯನ್ನು ನಾವೇ ಕೇಳುವುದು ದೊಡ್ಡ ಶಿಕ್ಷೆ... ಆದರೆ ತಪ್ಪು ಎಲ್ಲಿದೆ ಅಂತ ಅಷ್ಟು ಚೆನ್ನಾಗಿ ಯಾವ ಟ್ರೈನಿಂಗೂ ತೋರಿಸಲಿಲ್ಲ.

ಮುಂದಿನ ಸೋಮವಾರ ಪಡಸಾಲೆಯಲ್ಲಿ ಹಚ್ಚಿದೆ. ನಾಗಮ್ಮ ಎರಡು ವಾಕ್ಯ ಕೇಳಿ ನನ್ನ ಮುಖ ನೋಡಿದಳು. "ಇದು ನೀವೇ ಹೌದಲ್ರಿ ಟೀಚರ್? ಹಂಗಾರ ಇಲ್ಲೇ ಕುಂದ್ರಿ, ನಮ್ಮ ಜೋಡಿ ಹೇಳ್ರಿ."

ಮೂರನೆಯವರಿಗೆ ಲೆಕ್ಕ ಕೊಟ್ಟು ಬಂದು, ಅವಳ ಪಕ್ಕ ನೆಲದ ಮೇಲೆ ಕೂತೆ. ಅವತ್ತು ಮೊದಲ ಸಲ ಬಾಯಿ ತುಂಬ ಇಂಗ್ಲಿಷ್ ಮಾತಾಡಿದೆ.

ತಮಗೇ ಬಾರದ್ದನ್ನು ಮಕ್ಕಳ ಪಕ್ಕ ಕೂತು ಕಲಿತ ಟೀಚರ್‌ಗಳು ನಿಮ್ಮಲ್ಲಿ ಇನ್ನೂ ಯಾರ್ಯಾರಿದ್ದೀರಿ?