ತುಳಜಾಬಾಯಿಯ ಅರುಂಧತಿ

ಮದುವೆಯ ದಿನ ಪುರೋಹಿತರು ನಡುಹಗಲಲ್ಲೇ ಆಕಾಶಕ್ಕೆ ಬೆರಳು ಮಾಡಿ ಅರುಂಧತಿ ನಕ್ಷತ್ರ ತೋರಿಸಿದಾಗ, ಗಂಡ ಮೆಲ್ಲಗೆ "ಕಾಣಿಸ್ತೇನ?" ಎಂದಿದ್ದ. ಬರೀ ಉರಿಬಿಸಿಲು ಕಂಡಿದ್ದ ತುಳಜಾಬಾಯಿ "ಹೂಂ, ಕಾಣಿಸ್ತ್ರಿ" ಎಂದು ಸುಳ್ಳು ಹೇಳಿದ್ದಳು.

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ದುಡಿದ ಆ ಗಂಡ ತೀರಿಕೊಂಡು ಆರು ವರ್ಷವಾಯಿತು. ಆದರೂ ಹಳಿಯಾಳದ ಮನೆಯಂಗಳದಲ್ಲಿ ಸಂಜೆ ದೀಪ ಹಚ್ಚಿ ನಿಂತರೆ ಅದೇ ಪಿಸುಮಾತು ಕಿವಿಗೆ ತಾಗುತ್ತದೆ.

ಈ ಏಪ್ರಿಲಿನಲ್ಲಿ ಅವಳು ಕಣ್ಣಿನ ಪೊರೆ ತೆಗೆಸಿಕೊಂಡಳು. ಕತ್ತಲಾಗುತ್ತಲೇ ಉತ್ತರಕ್ಕೆ ಸಪ್ತರ್ಷಿಗಳನ್ನು ನೋಡಿ ಎಂದು ಪೇಪರಿನಲ್ಲಿ ಬಂದಿತ್ತು, ನೋಡಿದಳು. ವಸಿಷ್ಠನಿಗೆ ಅಂಟಿಕೊಂಡೇ ಸಣ್ಣ ಅರುಂಧತಿ ಮಿನುಗುತ್ತಿದ್ದಳು. ಹೇಳಲೆಂದು ಬಾಯಿ ತೆರೆದವಳು ಹಾಗೇ ನಿಂತಳು. ಕಂಡಿತೆಂದರೆ ಅವನು ಮತ್ತೇಕೆ ಕೇಳಲು ಬರುತ್ತಾನೆ?

"ಕಾಣಿಸ್ತೇನ?"

"ಇಲ್ರಿ," ಎಂದಳು, ನಕ್ಷತ್ರದಿಂದ ಕಣ್ಣು ಕೀಳದೆ. "ಇನ್ನೂ ಕಾಣವಲ್ದು."